ಸೆರಗಿನ ನಾಲ್ಕು ಗಂಟು

ಬುಧವಾರ ಬೆಳಗಿನ ಮೊದಲ ಬಸ್ಸಿಗೆ ದೊಡ್ಡಮಾದಮ್ಮ ಹೊರಟಳೆಂದರೆ ತಲೆಯ ಮೇಲೆ ಮುತ್ತುಗದ ಎಲೆಯ ಕಟ್ಟು, ಸೆರಗಿನ ತುದಿಯಲ್ಲಿ ಊರಿನವರ ಕಾಯಿಲೆ.

ಊರೆಂದರೆ ದೊಡ್ಡದೇನಲ್ಲ. ರಾಮಾಪುರದಿಂದ ಎರಡು ಮೈಲಿ ಆಚೆ, ಹೊಲ ಮುಗಿದು ಕಾಡು ಶುರುವಾಗುವ ಕಡೆ, ಇಪ್ಪತ್ತೆಂಟು ಮನೆಯ ಒಂದು ದೊಡ್ಡಿ. ಮುತ್ತುಗದ ಎಲೆ ತಂದು, ಕಡ್ಡಿ ಚುಚ್ಚಿ, ಊಟದೆಲೆ ಮಾಡಿ ಕೊಳ್ಳೇಗಾಲದ ಅಂಗಡಿಗೆ ಹಾಕಿ ಬರುವುದು ದೊಡ್ಡಮಾದಮ್ಮನ ಕಸುಬು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮಗಳನ್ನು ಯಳಂದೂರಿನ ಕಡೆ ಮಾಂಬಳ್ಳಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಈಗ ಅವಳು, ಮದುವೆಯ ಗೊಡವೆಗೆ ಹೋಗದ ತಮ್ಮ ಪುಟ್ಟಮಾದಯ್ಯ, ಅವನ ಹದಿನಾಲ್ಕು ಆಡು.

ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ಈ ಕಾಯಿಲೆ ಹೊರುವ ಕೆಲಸ ಅವಳಿಗೆ ಅಂಟಿಕೊಂಡಿತು. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಡಾಕ್ಟರ ಫೀಸು ನೂರೈವತ್ತು. ಅದನ್ನು ಯಾರೂ ದೊಡ್ಡದು ಅನ್ನುತ್ತಿರಲಿಲ್ಲ. ಅದರ ಬಾಲ ಉದ್ದ. ಒಬ್ಬರು ಡಾಕ್ಟರ ಹತ್ತಿರ ಹೋದರೆ ಅವರ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಹೋದವರದೂ ಹೋಯಿತು. ಗಂಡಸಾದರೆ ಬಸ್ಸಿನ ಚಾರ್ಜು. ಮನೆಯ ದನಕರು ಇನ್ನೊಬ್ಬರ ಕೈಗೆ. ಮಧ್ಯಾಹ್ನದ ಹಸಿದ ಹೊಟ್ಟೆ ಹೋಟೆಲಿನ ಮುಂದೆ ಸುಮ್ಮನಿರುತ್ತದೆಯೆ? ರಾಮಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುವುದಿಲ್ಲ, ನಿಜ. ಆದರೆ ಅಲ್ಲಿ ಕಾಯಿಲೆಯ ಜೊತೆ ಮೈಯೂ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಕೂಲಿಯ ದಿನ ಮೈಯನ್ನು ಬಿಟ್ಟುಕೊಡುವವರು ಯಾರು? ಕಾಯಿಲೆಯನ್ನಷ್ಟೇ ಕಳಿಸುವ ಹಾಗಿದ್ದರೆ ಎಷ್ಟು ಚೆನ್ನ ಎಂದು ಊರು ಅಂದುಕೊಳ್ಳುವ ಹೊತ್ತಿಗೆ, ಪ್ರತಿ ಬುಧವಾರ ಹೇಗೂ ಕೊಳ್ಳೇಗಾಲಕ್ಕೆ ಹೋಗಿಬರುವ ದೊಡ್ಡಮಾದಮ್ಮ ಕಣ್ಣಿಗೆ ಬಿದ್ದಳು.

ಮಂಗಳವಾರ ಸಂಜೆ ಅವಳ ಜಗಲಿಗೆ ಜನ ಬರತೊಡಗಿದರು. ಒಬ್ಬೊಬ್ಬರು ತಮ್ಮ ತೊಂದರೆ ಹೇಳಿದಂತೆ ಅವಳು ಸೆರಗಿನ ಅಂಚಿನಲ್ಲಿ ಒಂದೊಂದು ಗಂಟು ಹಾಕುವಳು. ಓದು ಬರಹವಿಲ್ಲದ ಅವಳಿಗೆ ಗಂಟೇ ಅಕ್ಷರ. ಕೆಮ್ಮಿಗೆ ಬಿಗಿ ಗಂಟು, ಹೊಟ್ಟೆನೋವಿಗೆ ದಪ್ಪ ಗಂಟು, ಹೇಳಲು ನಾಚಿಕೆಯಾಗುವಂಥದಕ್ಕೆ ಒಳಮಗ್ಗುಲಲ್ಲಿ ಒಂದು. ಡಾಕ್ಟರ ಮುಂದೆ ಕೂತು ಒಂದೊಂದನ್ನೇ ಬಿಚ್ಚುತ್ತ, ಎಲ್ಲವೂ ತನ್ನದೇ ಎಂಬಂತೆ ಹೇಳುವಳು. ಎಲ್ಲರಿಗೂ ಸೇರಿ ಒಂದೇ ಫೀಸು. ಬರುವಾಗ ಬಿಚ್ಚಿದ ಜಾಗದಲ್ಲೇ ಅವರವರ ಮಾತ್ರೆ ಕಟ್ಟಿಕೊಂಡು ಬರುವಳು.

ಹಳೇ ಡಾಕ್ಟರಿಗೆ ಈ ಆಟ ಗೊತ್ತಿತ್ತು. ಬಾಗಿಲಲ್ಲಿ ಅವಳನ್ನು ಕಂಡೊಡನೆ, “ಏನ್ ಮಾದಮ್ಮ, ಇವತ್ತು ಮೈಮೇಲೆ ಯಾರ್ಯಾರು ಬಂದವ್ರೆ?” ಎಂದು ನಗುವರು. ಚಿಕ್ಕಪುಟ್ಟದಕ್ಕೆ ಮಾತ್ರೆ ಬರೆದುಕೊಡುವರು. ಅನುಮಾನ ಬಂದರೆ, “ಈ ಆಸಾಮೀನ ಕರ್ಕೊಂಡು ಬಾ, ಇಲ್ದಿದ್ರೆ ನೀನೂ ಬರಬೇಡ” ಎಂದು ಗದರುವರು. ಈ ವರ್ಷದ ಬೇಸಿಗೆಯಲ್ಲಿ ಅವರ ಕೈ ನಡುಗಲು ಶುರುವಾಗಿ, ಕುರ್ಚಿಯನ್ನು ತಮ್ಮನ ಮಗಳು ಡಾಕ್ಟರ್ ಪದ್ಮಿನಿಗೆ ಬಿಟ್ಟುಕೊಟ್ಟರು. ಆಕೆ ಈಗಷ್ಟೇ ಓದು ಮುಗಿಸಿ ಬಂದವಳು. ಹೇಳಿದ್ದನ್ನೆಲ್ಲ ನಂಬಿ, ನೀಟಾಗಿ ಬರೆದುಕೊಳ್ಳುವವಳು. ಆಕೆ ಬಂದ ಮೇಲೆ ದೊಡ್ಡಮಾದಮ್ಮ ಒಂದೆರಡು ಗಂಟಷ್ಟೇ ಒಯ್ದಿದ್ದರಿಂದ ಗುಟ್ಟು ಇನ್ನೂ ಒಡೆದಿರಲಿಲ್ಲ.

ಆ ಬುಧವಾರ ದೊಡ್ಡಮಾದಮ್ಮನ ಸೆರಗಿನಲ್ಲಿ ನಾಲ್ಕು ಗಂಟಿದ್ದವು. ಮೂರು ಊರಿನವರದು. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ತಮ್ಮನದು. ಅವನೇನೂ ಕೇಳಿಕೊಂಡಿರಲಿಲ್ಲ. ಎರಡು ತಿಂಗಳ ಹಿಂದೆ ಜಾಲಿಮುಳ್ಳು ಹೊಕ್ಕ ಅಂಗಾಲು ಇನ್ನೂ ಒಣಗಿಲ್ಲವೆಂದು ಅವಳೇ ನೋಡಿ, ಏನಾದರೂ ಮುಲಾಮು ಕೇಳೋಣವೆಂದು ಹಾಕಿಕೊಂಡಿದ್ದಳು. “ನೋವೇ ಇಲ್ಲ ಕಣಕ್ಕ, ಬುಡು” ಎಂದಿದ್ದ ಪುಟ್ಟಮಾದಯ್ಯ. ನೋವಿಲ್ಲದ ಮೇಲೆ ಗಂಟಾದರೂ ಯಾಕೆ ದೊಡ್ಡದಿರಬೇಕು?

ಮೊದಲ ಗಂಟು ಬಿಚ್ಚಿತು. “ಕೆಮ್ಮು ಮೇಡಮ್ಮೋರೆ. ಬೆಳಗಿನ ಜಾವ ಎದೆ ಕಿತ್ತು ಬತ್ತದೆ.” ಅದು ಪಕ್ಕದ ಮನೆಯ ಪ್ರೇಮಾಳ ಅತ್ತೆಯದು.

ಎರಡನೆಯದು ಪ್ರೇಮಾಳ ಮಗಳದು. “ಹೊಟ್ಟೆ ತೊಳಿಸ್ದಂಗಾಯ್ತದೆ. ಮಣ್ಣು ತಿನ್ಬೇಕು ಅನ್ನಿಸ್ತದೆ.”

ಡಾಕ್ಟರು ತಲೆಯೆತ್ತಿ ಐವತ್ತೈದು ದಾಟಿದ ಮುಖವನ್ನು ನೋಡಿದರು. “ಮಣ್ಣು?”

“ಊಂ. ಸ್ಲೇಟಿನ ಬಳಪಾನೂವೆ.”

ಡಾಕ್ಟರು ಬರೆಯುತ್ತಲೇ ಹೋದರು. ರಕ್ತ ಪರೀಕ್ಷೆ, ಕಫದ ಪರೀಕ್ಷೆ, ಎದೆಯ ಎಕ್ಸ್‌ರೇ. ಚೀಟಿ ಉದ್ದವಾದಂತೆ ದೊಡ್ಡಮಾದಮ್ಮ ಸೊಂಟಕ್ಕೆ ಸಿಕ್ಕಿಸಿದ ದುಡ್ಡನ್ನು ಮುಟ್ಟಿ ನೋಡಿಕೊಂಡಳು. ಒಂದು ಫೀಸಿನಲ್ಲಿ ಮುಗಿಯಬೇಕಾದದ್ದು ಎಲ್ಲಿಗೋ ಹೊರಟಿತ್ತಲ್ಲ. ಆ ಗಾಬರಿಯಲ್ಲೇ ಒಳಮಗ್ಗುಲಿನ ಮೂರನೆಯ ಗಂಟು ಬಿಚ್ಚಿದಳು.

“ಕೆನ್ನೆ ಮೇಲೆ ಗುಳ್ಳೆ. ಗಡ್ಡ ಹೆರ್ಕೊಂಡ್ರೆ ಬೆಂಕಿ ಉರ್ದಂಗೆ ಉರೀತದೆ.”

ಪೆನ್ನು ನಿಂತಿತು. ಡಾಕ್ಟರ್ ಪದ್ಮಿನಿ ಅವಳ ನುಣ್ಣನೆಯ ಗಲ್ಲವನ್ನು ನೋಡಿದರು. ಬಾಗಿಲ ಬಳಿ ಟೋಕನ್ ಕೊಡುವ ಶಾಂತರಾಜು ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಬೆರಳ ಸಂದಿಯಿಂದ ಹೊರಗೆ ಬಂತು.

“ಅಮ್ಮ, ಗಡ್ಡ ಯಾರದು?”

ಇನ್ನು ಮುಚ್ಚಿಡುವುದೇನಿದೆ? “ನಂಜಯ್ಯಂದು ಕಣವ್ವ. ಮೂರು ಹೊತ್ತೂ ಕನ್ನಡಿ ಮುಂದ್ಲೇ ಇರ್ತನೆ, ಡಾಕ್ಟ್ರ ಮುಂದೆ ಕೂರಕ್ಕೆ ನಾಚ್ಕೆ ಅಂತೆ” ಎಂದು ಶುರು ಮಾಡಿ, ಬಸ್ಸು, ಕೂಲಿ, ಗಂಟು ಎಲ್ಲವನ್ನೂ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ದನಿ ಸಣ್ಣಗಾಯಿತು. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಬರೆದ ಚೀಟಿಯನ್ನು ನಡುವೆ ಹರಿದು ಬುಟ್ಟಿಗೆ ಹಾಕಿ, ಮಗುವಿಗೆ ಹುಳದ ಮಾತ್ರೆ, ನಂಜಯ್ಯನ ಕೆನ್ನೆಗೆ ಒಂದು ಟ್ಯೂಬು ಇಷ್ಟನ್ನೇ ಬೇರೆ ಬರೆದರು.

“ಇನ್ನೊಂದು ಗಂಟು ಉಳಿದಿದೆಯಲ್ಲ. ಅದು ಯಾರದು, ಹೆಸರು ಹೇಳಿ ಬಿಚ್ಚಿ.”

“ಅದೇನಿಲ್ಲ, ನನ್ ತಮ್ಮಂದು. ಕಾಲಲ್ಲೊಂದು ಗಾಯ. ಮುಲಾಮು ಕೊಟ್ರೆ ಸಾಕು.”

“ಎಷ್ಟು ದಿನ ಆಯ್ತು?”

“ಎರಡು ತಿಂಗ್ಳು.”

“ನೀರು ಜಾಸ್ತಿ ಕುಡೀತಾರಾ? ರಾತ್ರಿ ಎದ್ದೆದ್ದು ಹೋಗ್ತಾರಾ?”

ದೊಡ್ಡಮಾದಮ್ಮ ಬೆರಗಾದಳು. “ನಿಮ್ಗೆಂಗೆ ಗೊತ್ತು? ಒಂದು ಬಿಂದಿಗೆ ಅವನೊಬ್ನಿಗೇ ಬೇಕು. ಬಿಸ್ಲಲ್ಲಿ ಆಡು ಮೇಯ್ಸಿ ಬತ್ತನೆ, ಅದ್ಕೆ ಅಂದ್ಕೊಂಡಿದ್ದೆ.”

“ಗಾಯ ಎಲ್ಲಿದೆ, ನಿಮ್ಮ ಕಾಲಲ್ಲೇ ತೋರಿಸಿ.”

ಅವಳು ಕಾಲೆತ್ತಿ ಕಿರುಬೆರಳ ಬುಡವನ್ನು ತೋರಿಸಿದಳು. ಡಾಕ್ಟರು ಬಗ್ಗಿ ಅಲ್ಲೇ ಹೆಬ್ಬೆರಳಿನಿಂದ ಒತ್ತಿದರು. ದೊಡ್ಡಮಾದಮ್ಮ “ಸ್ಸ್” ಎಂದಳು.

“ನಿಮಗೆ ಒತ್ತಿದರೇ ನೋಯ್ತು. ಅವರಿಗೆ?”

“ಅವನ್ಗೆ ಏನೂ ಇಲ್ಲ. ಪಿನ್ನಾಕಿ ಮುಳ್ಳು ಕಿತ್ತಾಗ್ಲೂ ಕಮಕ್ ಕಿಮಕ್ ಅನ್ನಲಿಲ್ಲ. ನೋವಿಲ್ಲ ಅಂದ್ರೆ ಒಳ್ಳೇದಲ್ವ ಮೇಡಮ್ಮೋರೆ?”

“ಅದೇ ಒಳ್ಳೇದಲ್ಲ” ಎಂದರು ಡಾಕ್ಟರು. “ಸಕ್ಕರೆ ಕಾಯಿಲೆ ಇರೋ ಹಾಗೆ ಕಾಣುತ್ತೆ. ಅದು ಹೆಚ್ಚಾದರೆ ಕಾಲಿನ ನರ ಮಂಕಾಗುತ್ತೆ, ಒಳಗೆ ಕೊಳೆತರೂ ಗೊತ್ತಾಗಲ್ಲ. ನಾಳೆನೇ ಕರ್ಕೊಂಡು ಬನ್ನಿ. ಬರೋ ಬುಧವಾರ ಅಂತ ಕೂತರೆ ಕಾಲು ಉಳಿಯುತ್ತೆ ಅಂತ ನಾನು ಹೇಳಕ್ಕಾಗಲ್ಲ.”

ಮಧ್ಯಾಹ್ನದ ಬಸ್ಸಿನಲ್ಲಿ ಹನೂರು ದಾಟುವವರೆಗೂ ದೊಡ್ಡಮಾದಮ್ಮ ಸೆರಗಿನಲ್ಲಿ ನಾಲ್ಕನೆಯ ಗಂಟು ಬಿಟ್ಟ ಸುಕ್ಕನ್ನೇ ಬೆರಳಲ್ಲಿ ತೀಡುತ್ತಿದ್ದಳು. ಗಂಟು ಬಿಚ್ಚಿದರೂ ಸುಕ್ಕು ಹೋಗಿರಲಿಲ್ಲ. ಊರಿನವರ ಕೆಮ್ಮು ನೆಗಡಿಯನ್ನೆಲ್ಲ ದೊಡ್ಡ ಗಂಟು ಮಾಡಿ, ಒಡಹುಟ್ಟಿದವನ ಕಾಲನ್ನು ಚಿಕ್ಕದಾಗಿ ಕಟ್ಟಿದ್ದೆನಲ್ಲ ಎಂಬುದು ಒಳಗೆ ಕುಟುಕಿತು.

ಪುಟ್ಟಮಾದಯ್ಯ ಆಡುಗಳನ್ನು ರೊಪ್ಪಕ್ಕೆ ತುಂಬುತ್ತಿದ್ದ. ಎಲ್ಲವನ್ನೂ ಕೇಳಿ ನಕ್ಕ.

“ನಾಳೆ ನಾನು ಕೊಳ್ಳೇಗಾಲ್ದಲ್ಲಿ ಕೂತ್ರೆ ಈ ಆಡ್ನ ನಿಮ್ ಡಾಕ್ಟ್ರಮ್ಮ ಬಂದು ಮೇಯಿಸ್ತಾಳಾ? ಓಗಕ್ಕ, ನೋವೇ ಇಲ್ಲ ಅಂತೀನಿ.”

“ನೋವಿಲ್ದಿದ್ದೇ ಕಾಯ್ಲೆ ಕಣ್ಲಾ, ಮೂಢ! ಕಾಲು ಓದ್ಮೇಲೆ ಆಡು ಮೇಯಿಸ್ತೀಯೋ, ಆಡೇ ನಿನ್ನ ಮೇಯಿಸ್ತವೋ?”

ಅವನು ಬಗ್ಗಲಿಲ್ಲ. ಅಷ್ಟರಲ್ಲಿ ಮಾತ್ರೆಗಾಗಿ ಜನ ಬಂದರು. ಪ್ರೇಮಾಳಿಗೆ ಮಗಳ ಹುಳದ ಮಾತ್ರೆ ಸಿಕ್ಕಿತು, ಅತ್ತೆಯ ಕೆಮ್ಮಿಗೆ ಮಾತ್ರ ಅತ್ತೆಯೇ ಬರಬೇಕಂತೆ ಎಂಬ ಉತ್ತರ ಸಿಕ್ಕಿತು. ನಂಜಯ್ಯನಿಗೆ ಒಂದು ಟ್ಯೂಬು.

“ಏನಂದ್ರಕ್ಕ ಡಾಕ್ಟ್ರು?” ಎಂದ ನಂಜಯ್ಯ ಮೆಲ್ಲಗೆ.

“ನಿನ್ ಗಡ್ಡದ ಸಮಾಚಾರ ಕೊಳ್ಳೇಗಾಲಕ್ಕೆಲ್ಲ ಗೊತ್ತಾಯ್ತು ಅಂದ್ರು.”

ಎಲ್ಲರೂ ನಕ್ಕರು. ದೊಡ್ಡಮಾದಮ್ಮ ನಗದೆ ಎದ್ದು ನಿಂತು ಸೆರಗು ಕೊಡವಿದಳು.

“ಕೇಳ್ರಪ್ಪ, ಇವತ್ತಿಂದ ಇದು ಬರೀ ಸೆರಗು. ಇನ್ನು ಯಾರ ಗಂಟೂ ಇದರಲ್ಲಿ ಬೀಳಲ್ಲ. ನನ್ ತಮ್ಮ ಡಾಕ್ಟ್ರ ಮುಂದೆ ಓಗಿ ಕೂರೋಗಂಟ ನಿಮ್ಮ ನಿಮ್ಮ ಕಾಯ್ಲೆ ನೀವ್ ನೀವೇ ಹೊತ್ಕೊಳಿ.”

ಜಗಲಿಯೆಲ್ಲ ಪುಟ್ಟಮಾದಯ್ಯನ ಕಡೆ ತಿರುಗಿತು.

“ಎಲಾ ಪುಟ್ಮಾದಯ್ಯ, ನಿನ್ ಒಬ್ಬನ ಕಾಲಿಗೆ ಊರಿಗೆಲ್ಲ ಕೆಮ್ಮು ಅಂಟುಸ್ತೀಯಾ?” ಎಂದಳು ಪ್ರೇಮಾ. “ಆಡ್ನ ನಾಳೆ ನಾನು ಒಡ್ಕೊಂಡು ಓಯ್ತೀನಿ. ನಾಡಿದ್ದು ನಮ್ ಮನೇರು ಓಯ್ತಾರೆ. ಮುಯ್ಯಾಳು ಅಂದ್ಕೊ. ನಮ್ ರಾಗಿ ಕುಯ್ಯಕ್ಕೆ ಬಂದು ತೀರಿಸೀಯಂತೆ.”

ಕಳೆ ಕೀಳಲು, ಕೊಯ್ಲು ಮಾಡಲು ಮುಯ್ಯಿಗೆ ಮುಯ್ಯಿ ದುಡಿಯುವುದು ಊರಿಗೆ ಹೊಸದಲ್ಲ. ಡಾಕ್ಟರ ಹತ್ತಿರ ಹೋಗುವ ದಿನಕ್ಕೂ ಅದು ಸಲ್ಲುತ್ತದೆಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ನಂಜಯ್ಯ ಕೆನ್ನೆ ಕೆರೆದುಕೊಳ್ಳುತ್ತ, “ಬಸ್ ಚಾರ್ಜು ನಂದು” ಎಂದ. ಪುಟ್ಟಮಾದಯ್ಯ ಆಡು ಹೊಡೆಯುವ ಕೋಲನ್ನು ಪ್ರೇಮಾಳ ಕೈಗೆ ಕೊಟ್ಟ.

ಮರುದಿನ ಡಾಕ್ಟರ್ ಪದ್ಮಿನಿ ಅವನ ಬೆರಳಿನಿಂದ ಒಂದು ಹನಿ ರಕ್ತ ತೆಗೆದು ನೋಡಿದರು. ಸಕ್ಕರೆ ನಾನೂರು ದಾಟಿತ್ತು. ಗಾಯದ ಬಾಯಿ ಚಿಕ್ಕದು, ಒಳಗೆ ಮಾತ್ರ ಅದು ಬಿಲದ ಹಾಗೆ ಹರಿದಿತ್ತು. ಅಂದೇ ಕಾಗದ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಒಂಬತ್ತು ದಿನ. ಗಾಯ ಕೊಯ್ದು ತೊಳೆದರು, ಸಕ್ಕರೆ ಇಳಿಯಲು ಹೊಟ್ಟೆಗೆ ಸೂಜಿ ಚುಚ್ಚಿದರು. ದೊಡ್ಡಮಾದಮ್ಮ ಮಂಚದ ಬುಡದಲ್ಲಿ ಕೂತು, ಇದ್ದ ದೇವರನ್ನೆಲ್ಲ ಕರೆದಳು. ಐದನೆಯ ದಿನ ಬೆಳಿಗ್ಗೆ ಅಲ್ಲಿಯ ಡಾಕ್ಟರು ಬ್ಯಾಂಡೇಜು ಬಿಚ್ಚಿ ನೋಡಿ, “ಕೆಂಪು ಮಾಂಸ ಬರ್ತಾ ಇದೆ, ಕಾಲಿಗೆ ಭಯ ಇಲ್ಲ” ಎಂದಾಗ ಅವಳು ಎದ್ದು ಹೊರಗೆ ಹೋಗಿ, ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು. ಅತ್ತದ್ದು ತಮ್ಮನಿಗೆ ಕಾಣಬಾರದಲ್ಲ.

ಅಷ್ಟು ದಿನವೂ ಆಡುಗಳು ದಿನಕ್ಕೊಬ್ಬರ ಹಿಂದೆ ಹೋಗಿ ಬಂದವು.

ವಾರ ಕಳೆದು ಅವಳು ಎಲೆಯ ಕಟ್ಟು ಹೊತ್ತು ಕೊಳ್ಳೇಗಾಲಕ್ಕೆ ಹೋದಾಗ ಡಾಕ್ಟರ್ ಪದ್ಮಿನಿ ಒಂದು ಕರಾರು ಹಾಕಿದರು. “ನೋಡಿ ಅಮ್ಮ, ಯಾರೇ ಆಗಲಿ ಒಂದು ಸಲ ಮೈ ಬರಬೇಕು. ನಾನು ಮುಟ್ಟಿ ನೋಡಿ, ಹೆಸರು ಬರೆದಿಟ್ಟುಕೊಳ್ತೀನಿ. ಅದಕ್ಕೆ ಫೀಸು ಕೊಡಲಿ. ಆಮೇಲೆ ಮೂರು ತಿಂಗಳು ಅವರ ಗಂಟು ಬಂದರೆ ಸಾಕು, ಫೀಸು ಬೇಡ. ಆದರೆ ಹೊಸ ಗಂಟಿಗೆ ಹೊಸದಾಗಿ ಮೈ ಬರಬೇಕು.”

ಫೀಸು ಬೇಡವೇ ಬೇಡ ಎಂದಿದ್ದರೆ ದೊಡ್ಡಮಾದಮ್ಮನಿಗೆ ಮತ್ತೆ ಆ ಮೆಟ್ಟಿಲು ಹತ್ತಲು ಕಾಲೇಳುತ್ತಿರಲಿಲ್ಲ. ಇದು ಕರಾರು. ಕರಾರಿಗೆ ತಲೆ ತಗ್ಗಿಸಬೇಕಾಗಿಲ್ಲ. ಪ್ರೇಮಾಳ ಅತ್ತೆ ಮೊದಲು ಬಂದಳು. ಆಮೇಲೆ ನಂಜಯ್ಯ, ಕೆನ್ನೆಗೆ ಟವಲು ಸುತ್ತಿಕೊಂಡು. ಒಬ್ಬರು ಹೋದ ದಿನ ಇನ್ನೊಬ್ಬರು ಅವರ ಹೊಲದಲ್ಲೋ ದನದ ಹಿಂದೆಯೋ ನಿಲ್ಲುವರು. ಫೀಸಿನ ಬಾಲ ಹೀಗೆ ಅಷ್ಟಷ್ಟೇ ಮೋಟಾಯಿತು.

ದೀಪಾವಳಿ ಕಳೆದ ಮೇಲೆ ಪುಟ್ಟಮಾದಯ್ಯ ಕೊನೆಯ ಸಲ ಗಾಯ ತೋರಿಸಲು ಅಕ್ಕನ ಜೊತೆ ಬಂದ. ಕಾಲಲ್ಲಿ ಕ್ಯಾನ್ವಾಸ್ ಬೂಟು. ಮೊದಲ ದಿನ ಆ ಬೂಟು ಕಂಡು ಆಡುಗಳು ಫಾರೆಸ್ಟ್ ಗಾರ್ಡು ಬಂದನೆಂದು ದಿಕ್ಕಾಪಾಲಾದವು ಎಂದು ನಂಜಯ್ಯ ಇನ್ನೂ ಹೇಳಿಕೊಂಡು ತಿರುಗುತ್ತಿದ್ದ. ಡಾಕ್ಟರು ಅಂಗಾಲನ್ನು ಬೆಳಕಿಗೆ ತಿರುಗಿಸಿ ನೋಡಿದರು. ಕಿರುಬೆರಳ ಬುಡದಲ್ಲಿ ಹೊಸ ಚರ್ಮ, ಎಳೆಯ ಮಾವಿನ ಚಿಗುರಿನ ಬಣ್ಣ.

“ಪೂರ್ತಿ ಕೂಡಿಕೊಂಡಿದೆ. ಮಾತ್ರೆ ಬಿಡಬೇಡಿ, ಬೂಟೂ ಬಿಡಬೇಡಿ. ದಿನಾ ಸಂಜೆ ಕಾಲು ನೋಡ್ಕೊಳ್ಳಿ. ಇನ್ನು ಹೊರಡಿ.”

ಪುಟ್ಟಮಾದಯ್ಯ ಏಳಲಿಲ್ಲ. ಹೆಗಲ ಮೇಲಿನ ಟವಲನ್ನು ತೊಡೆಯ ಮೇಲೆ ಎಳೆದುಕೊಂಡ. ಅದರ ಮೂಲೆಯಲ್ಲೊಂದು ಗಂಟಿತ್ತು. ಆಡು ಕಟ್ಟುವವನ ಕೈಯ ಗಂಟು, ಬೇಗ ಬಿಚ್ಚುವಂಥದಲ್ಲ. ಹಲ್ಲಿನಿಂದ ಎಳೆದು ಸಡಿಲಿಸಿದ.

“ಮಂಡಿ ನೋವು ಮೇಡಮ್ಮೋರೆ. ಮೂರು ವರ್ಸದಿಂದ. ಬಸ್ ಇಳಿಯೋವಾಗ ಕಂಬಿ ಇಡ್ಕೊಂಡು ಎರಡು ಸಲ ನಿಂತ್ಕೊಳದು. ರಾತ್ರಿ ಬೇವಿನೆಣ್ಣೆ ತಿಕ್ಕೊಂಡು ನರಳದು.”

“ಲೇ, ಯಾರ್ದ್ಲಾ ಅದು?” ಎಂದಳು ದೊಡ್ಡಮಾದಮ್ಮ. ಕೇಳುವಾಗಲೇ ಅವಳಿಗೆ ತಿಳಿದುಹೋಗಿತ್ತು.

“ನಿಂದು ಕಣಕ್ಕ.”

“ಅಯ್ಯೋ, ನಂಗೇನಾಗದೆ, ಗುಂಡುಕಲ್ಲಂಗಿವ್ನಿ” ಎಂದು ಅವಳು ಎದ್ದಳು. ಏಳುವಾಗ ಮೇಜಿನ ಅಂಚು ಹಿಡಿದುಕೊಂಡದ್ದನ್ನು ಡಾಕ್ಟರು ನೋಡಿದರು, ಶಾಂತರಾಜೂ ನೋಡಿದ. ಡಾಕ್ಟರು ಹೊಸ ಹಾಳೆ ತೆಗೆದು, ಮೇಲೆ ದೊಡ್ಡಮಾದಮ್ಮ ಎಂದು ಬರೆದರು. ಇಷ್ಟು ವರ್ಷ ಬಂದುಹೋದ ಆ ಕೋಣೆಯಲ್ಲಿ ಅವಳ ಹೆಸರಿನ ಮುಂದೆ ಅವಳದೇ ನೋವು ಬರೆಸಿಕೊಂಡದ್ದು ಅದೇ ಮೊದಲು.

“ಹೇಗೂ ಮೈ ಬಂದಿದೆಯಲ್ಲ” ಎಂದರು. “ಕೂತ್ಕೊಳ್ಳಿ ಅಮ್ಮ.”

ಪುಟ್ಟಮಾದಯ್ಯ ತನ್ನ ಸ್ಟೂಲನ್ನು ಬಿಟ್ಟುಕೊಟ್ಟು ಬಾಗಿಲಾಚೆ ಹೋಗಿ ನಿಂತ. ದೊಡ್ಡಮಾದಮ್ಮ ಕೂತಳು.