ರೋಬೋಟಿಗೆ ಹಚ್ಚಿದ ಕುಂಕುಮ

“ಕೈ ಹಚ್ಚಬ್ಯಾಡ್ರಿ ಅಂದ್ರ ಕಲಿಯೂದು ಹ್ಯಾಂಗ್ರಿ ಸರ್?” ಬೀದರಿನಿಂದ ಬಂದ ಅತಿಥಿಗಳ ಮುಂದೆಯೇ ಒಂಬತ್ತನೇ ತರಗತಿಯ ಸುನೀತಾ ನನ್ನನ್ನು ಕೇಳಿಬಿಟ್ಟಳು. ಔರಾದ ಬಳಿಯ ನಮ್ಮ ಪ್ರೌಢಶಾಲೆಯಲ್ಲಿ ಅಂದು ‘ಮಾಡಿ ಕಲಿ’ ತಂತ್ರಜ್ಞಾನ ದಿನ. ಮಕ್ಕಳು ಮುಟ್ಟಿ ಕಲಿಯಲೆಂದು ಬಂದ ರೋಬೋಟನ್ನು, ವಿಜ್ಞಾನ ಶಿಕ್ಷಕನಾದ ನಾನು ಎರಡು ವರ್ಷ ಕಪಾಟಿನಲ್ಲಿಟ್ಟು ಬೀಗ ಹಾಕಿ ಕಾಪಾಡಿದ್ದೆ. ಆಯುಧಪೂಜೆಗೆ ಮಾತ್ರ ಹೊರತೆಗೆದು ಭಕ್ತಿಯಿಂದ ಕುಂಕುಮ ಹಚ್ಚುತ್ತಿದ್ದೆ. ಈಗ ಹೊಸ ಬ್ಯಾಟರಿ ಹಾಕಿದರೂ ಅದು ಗುರ್ರೆಂದಿತೇ ಹೊರತು ಕದಲಲಿಲ್ಲ.

ಅತಿಥಿಗಳು “ಎಲ್ಲರೂ ಎಂಜಿನಿಯರ್ ಆಗಬೇಕು” ಎಂದು ಭಾಷಣ ಮುಂದುವರಿಸಿದರು. ಮನೆಯ ಸ್ಪ್ರೇ ಪಂಪ್ ಬಿಚ್ಚಿ ರೂಢಿಯಿದ್ದ ಸುನೀತಾ ಅಷ್ಟರಲ್ಲಿ ಚಕ್ರ ಕಳಚಿ, ಉಫ್ ಎಂದು ಊದಿದಳು. ಕೆಂಪು ಪುಡಿ ಹಾರಿತು. “ಕುಂಕುಮ ಭಾಳ ಆಗ್ಯದರಿ ಸರ್,” ಎಂದಳು. ಚಕ್ರ ಮತ್ತೆ ಸಿಕ್ಕಿಸಿದ್ದೇ ತಡ, ರೋಬೋಟ್ ಓಡಿತು.

ಈಗ ಕಪಾಟಿನ ಕೀಲಿಕೈ ಸುನೀತಾಳ ಬಳಿ ಇದೆ. ಕುಂಕುಮದ ಡಬ್ಬಿ ನನ್ನ ಬಳಿ.