ಗಚ್ಚಿಗೂ ಕೊಸರು

ಆ ದಿನ ನಮ್ಮ ಕಟ್ಟೆಯ ಹತ್ತಿರ ಇದ್ದವರು ಆರು ಮಂದಿ. ಒಂದನೇ ಕಮಾನಿನ ಕೆಳಗೆ ನಾನು, ಗ್ರಂಥಿಗೆ ಅಂಗಡಿಯವ. ಅಳಲೆಕಾಯಿ, ಬಜೆ, ಲೋಬಾನ, ಪೂಜೆ ಸಾಮಾನು ಮಾರುವುದು ನಮ್ಮ ಮನೆತನಕ್ಕೆ ಮೂರು ತಲೆಮಾರಿನಿಂದ ಬಂದದ್ದು. ನನ್ನ ಪಕ್ಕಕ್ಕೆ ಕಂಪ್ಲಿ ಬೆಲ್ಲ ಮಾರುವ ಸಾವುಕಾರ, ಅವರಾಚೆ ಪಾತ್ರೆ ಅಂಗಡಿಯವರು, ಅವರಾಚೆ ಬಟ್ಟೆ ಅಂಗಡಿಯವರು. ಕೊನೆಯ ಕಮಾನಿನಲ್ಲಿ ಬಳೆ ಅಕ್ಕ. ಆರನೆಯವಳು ಕೆಳಗೆ ರಸ್ತೆಯ ಮೇಲೆ ನಿಂತಿದ್ದ ಎಂಜಿನಿಯರ್ ಹುಡುಗಿ, ಸಂಡೂರಿನವಳು. ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದು ನಮ್ಮ ಗೋಡೆಯನ್ನು ಗೇಣು ಗೇಣಿಗೆ ಬಡಿಯುತ್ತ, ಕಿವಿ ಹಚ್ಚಿ ಕೇಳುತ್ತ ಬರುತ್ತಿದ್ದಳು.

"ದವಾಖಾನಿ ಡಾಕ್ಟರು ಎದಿ ನೋಡಿದಂಗ ನೋಡಾಕತ್ತ್ಯಾಳಲ್ಲೋ," ಎಂದರು ಬೆಲ್ಲದ ಸಾವುಕಾರ ನನ್ನ ಕಿವಿಯಲ್ಲಿ.

ಹೊಸಪೇಟೆಯ ನಮ್ಮ ಬಜಾರವನ್ನು ಹೊಸದು ಮಾಡುವ ಕೆಲಸ ಆಗಲೇ ಆ ತುದಿಯಿಂದ ಶುರುವಾಗಿತ್ತು. ಚರಂಡಿ ಮುಚ್ಚಬೇಕು, ವೈರುಗಳು ನೆಲದೊಳಗೆ ಹೋಗಬೇಕು, ಮಂದಿಗೆ ನಡೆಯಲು ಹಾಸುಗಲ್ಲು ಬರಬೇಕು. ಹಳೇ ಮುಂಭಾಗದ ಅಂಗಡಿಗಳಿಗೆ ಒಂದು ಮಾತು ಇಟ್ಟಿದ್ದರು: ಗೋಡೆ ಗಟ್ಟಿ ಇದ್ದರೆ ಕಮಾನು, ಕಟ್ಟೆ ಎಲ್ಲ ಇದ್ದಂತೆಯೇ ಇರಲಿ. ಇಲ್ಲದಿದ್ದರೆ ಕೆಡವಿ, ಹಿಂದಕ್ಕೆ ಸರಿದು ಹೊಸದಾಗಿ ಕಟ್ಟಿಕೊಳ್ಳಿ. ನಮ್ಮ ಐದು ಕಮಾನುಗಳಲ್ಲಿ ನಾಲ್ಕು ಟಣ್ ಟಣ್ ಎಂದವು. ಐದನೆಯದು ಬಳೆ ಅಕ್ಕನದು. ಅದು ಡಬ್ ಎಂದಿತು.

ಗೋಡೆ ಅಲ್ಲಿ ಹೊಟ್ಟೆ ಬಿಟ್ಟಿತ್ತು. ನಮ್ಮಪ್ಪನ ಕಾಲದಲ್ಲಿ ಗಟ್ಟಿಯಾಗಲಿ ಅಂತಲೇ ಮೇಲೊಂದು ಪದರ ಸಿಮೆಂಟ್ ಮೆತ್ತಿಸಿದ್ದರು. ಒಳಗಿನ ಗೋಡೆ ಗಚ್ಚಿನದು, ಅಂದರೆ ಸುಣ್ಣ ಮರಳು ಅರೆದು ಕಟ್ಟಿದ್ದು. ಅದರ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಕುದಿದು ಕಲ್ಲು ಸಡಿಲಾಗಿವೆ ಎಂದು ಆ ಹುಡುಗಿ ತಿಳಿಸಿ ಹೇಳಿದಳು. ಸಿಮೆಂಟ್ ಸುಲಿದು, ಕಲ್ಲು ಸರಿಯಾಗಿ ಕೂರಿಸಿ, ಮತ್ತೆ ಗಚ್ಚಿನಿಂದಲೇ ತುಂಬಿದರೆ ನಿಲ್ಲುತ್ತದೆ. ಯುಗಾದಿಗೆ ಮುಂಚೆ ಮತ್ತೆ ಬಂದು ನೋಡುತ್ತೇನೆ, ಅಲ್ಲಿತನಕ ನಿಮಗೆ ಎರಡು ತಿಂಗಳು, ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಐದೂ ಕಮಾನಿಗೆ ಒಂದೇ ಗೋಡೆಯಾದ್ದರಿಂದ ಒಂದು ಬಿದ್ದರೆ ಐದೂ ಬಿದ್ದ ಲೆಕ್ಕ.

ಕೆಡವಿದರೆ ನಮಗೆ ನಾಲ್ವರಿಗೆ ಅಂಥ ನಷ್ಟವೇನೂ ಇರಲಿಲ್ಲ. ಬಟ್ಟೆ ಅಂಗಡಿಯವರಂತೂ ಗಾಜಿನ ಮುಂಬಾಗಿಲಿನ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಆರು ತಿಂಗಳಿಂದ ಕಂಡಕಂಡವರಿಗೆ ತೋರಿಸುತ್ತಿದ್ದರು. ನಷ್ಟವೆಲ್ಲ ಬಳೆ ಅಕ್ಕನಿಗೆ. ಆ ಐದನೇ ಕಮಾನು ಯಾರ ಕಾಗದದಲ್ಲೂ ಅಂಗಡಿ ಎಂದು ಇಲ್ಲ. ಕಟ್ಟೆಯ ತುದಿ, ಅಷ್ಟೇ. ಅಕ್ಕನ ಅತ್ತೆ ಹೆಗಲಿಗೆ ಬಳೆ ಮಲಾರ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದವಳು. ಒಂದು ಮಧ್ಯಾಹ್ನ ದಣಿದು ಬಂದಾಗ ನಮ್ಮಜ್ಜ, "ಬಿಸಲು ಇಳಿಯೋತನ ಇಲ್ಲೇ ಕುಂದ್ರವಾ," ಎಂದನಂತೆ. ನಮ್ಮೂರ ಬಿಸಿಲು ಇಳಿಯುವುದೆಂದರೇನು? ಅವಳು ಕೂತಳು, ಸೊಸೆ ಬಂದು ಕೂತಳು, ಬಿಸಿಲು ಇನ್ನೂ ಇಳಿದಿಲ್ಲ ಎಂದು ನಮ್ಮಜ್ಜಿ ಈ ಕತೆ ಹೇಳಿದಾಗಲೆಲ್ಲ ನಗುತ್ತಿದ್ದಳು. ಹೊಸ ಕಟ್ಟಡ ಎದ್ದರೆ ಆ ಜಾಗಕ್ಕೆ ಮಹಡಿಯ ಮೆಟ್ಟಿಲು ಬರುತ್ತದೆ. ಬಟ್ಟೆ ಅಂಗಡಿಯವರ ಚಿತ್ರದಲ್ಲೂ ಅಲ್ಲಿ ಮೆಟ್ಟಿಲೇ ಇತ್ತು.

ಎಂಜಿನಿಯರ್ ಹೋದ ಮೇಲೆ ನಾವೆಲ್ಲ ಅಕ್ಕನ ಕಡೆ ನೋಡಿದೆವು. ಅವಳು ಬಳೆಗಳನ್ನು ಡಜನ್ ಡಜನ್ ಕಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. "ನನ್ ಮಾರಿ ಏನ್ ನೋಡ್ತೀರಿ. ನಿಮಗ ಹೆಂಗ ಅನುಕೂಲನೋ ಹಂಗ ಮಾಡ್ರಿ," ಎಂದಳು. ಹಾಗೆ ಅಂದ ಮೇಲೆ ಯಾರಿಗೆ ಕೆಡವೋಣ ಎನ್ನಲು ಬಾಯಿ ಬಂದೀತು? ಬಟ್ಟೆ ಅಂಗಡಿಯವರು ಸ್ವಲ್ಪ ಹೊತ್ತು ಮೊಬೈಲನ್ನು ಕೈಯಲ್ಲಿ ತಿರುಗಿಸಿದರು. ಆಮೇಲೆ ಜೇಬಿಗೆ ಹಾಕಿಕೊಂಡು, ಗಚ್ಚು ಹಾಕುವವರು ಈಗ ಎಲ್ಲಿ ಸಿಗುತ್ತಾರೆ ಎಂದು ಅವರೇ ಮೊದಲು ಕೇಳಿದರು.

ಸಿಕ್ಕವಳು ಕಮಲಾಪುರದ ಒಬ್ಬ ಮುದುಕಿ. ಹಂಪಿಯ ಹಾಳು ಮಂಟಪಗಳನ್ನು ರಿಪೇರಿ ಮಾಡುವ ಕಡೆ ವರ್ಷಾನುಗಟ್ಟಲೆ ಕೂಲಿಗೆ ಹೋಗಿ ಸುಣ್ಣ ತುಳಿದವಳು, ಗಚ್ಚು ಕುಟ್ಟಿದವಳು. ನಾವು ಗಚ್ಚಿನವ್ವ ಎಂದೇ ಕರೆದೆವು. ಬಂದವಳೇ ಗೋಡೆಯ ಸಂದಿಯಿಂದ ಒಂದು ಚಕ್ಕೆ ಕಿತ್ತು ಅಂಗೈಯಲ್ಲಿ ಪುಡಿ ಮಾಡಿ ನೋಡಿ, ಇದನ್ನು ಕಟ್ಟಿದವರು ಚಲೋ ಕೆಲಸಗಾರರು, ಕೆಡಿಸಿದವರು ಯಾರು ಎಂದು ಕೇಳಿದಳು. ನಮ್ಮಪ್ಪ ಎಂದು ನಾನು ಹೇಳಲಿಲ್ಲ.

ಹಿತ್ತಿಲಲ್ಲಿ ಗುಂಡಿ ತೆಗೆಸಿ ಸುಣ್ಣ ನೆನೆಹಾಕಿದಳು. ಪಕ್ಕದಲ್ಲಿ ಒಂದು ಡ್ರಮ್ಮು ಇಟ್ಟು ನೀರು ತುಂಬಿಸಿ, ನನ್ನ ಅಂಗಡಿಯ ಅಳಲೆಕಾಯಿ ಜಜ್ಜಿ ಹಾಕಿ, ಸಾವುಕಾರರ ಅಂಗಡಿಯಿಂದ ಬೆಲ್ಲ ತರಿಸಿದಳು. ಡ್ರಮ್ಮಿಗೆ ಎರಡೇ ಅಚ್ಚು. ಆ ನೀರು ಒಂದು ವಾರ ಹುಳಿತು ಬರಬೇಕು, ಅದರಲ್ಲೇ ಸುಣ್ಣ, ಮರಳು, ಇಟ್ಟಿಗೆ ಪುಡಿ ಕಲಸಬೇಕು, ಬೆಲ್ಲ ಗಚ್ಚಿಗೆ ಹಿಡಿತ ಕೊಡುತ್ತದೆ, ಎಂದೆಲ್ಲ ಹೇಳಿದಳು. ಆಮೇಲೆ ತಂಗಿಯ ಮೊಮ್ಮಗಳ ಮದುವೆ ಇದೆ, ಎಂಟು ದಿನ ಬಿಟ್ಟು ಬರುತ್ತೇನೆ, ಏನೂ ಮುಟ್ಟಬೇಡಿ ಎಂದು ಹೋದಳು.

ಈಗ ನಮ್ಮ ಬಜಾರದ ಒಂದು ಸ್ವಭಾವ ಹೇಳಬೇಕು. ನಮ್ಮಲ್ಲಿ ಕೊಸರಿಲ್ಲದ ತೂಕವಿಲ್ಲ. ತಕ್ಕಡಿ ಸಮ ನಿಂತ ಮೇಲೂ ಮೇಲೊಂದು ಹಿಡಿ ಹಾಕದಿದ್ದರೆ ಕೊಂಡವರಿಗೆ ಸಮಾಧಾನವಿಲ್ಲ, ಕೊಟ್ಟವರಿಗಂತೂ ಕೈಯೇ ಏಳುವುದಿಲ್ಲ. ಮಲ್ಲಿಗೆ ಮೊಳ ಹಾಕಿ ಮೇಲೆ ನಾಲ್ಕು ಬೆರಳು, ಅಕ್ಕಿ ಸೇರು ಅಳೆದು ಮೇಲೊಂದು ಬೊಗಸೆ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ನಾನು ಬಜೆಯನ್ನು ಗ್ರಾಮಿಗೆ ಸರಿಯಾಗಿ ತೂಗಿ, ಆಮೇಲೆ ಎರಡು ಬೇರು ಪುಡಿಕೆಗೆ ಹಾಕುವವನೇ. ಇಂಥ ಐದು ಮಂದಿಯ ನಡುವೆ ಆ ಮುದುಕಿ ಒಂದು ಡ್ರಮ್ಮು ಇಟ್ಟು, ಎರಡೇ ಅಚ್ಚು ಎಂದು ಹೇಳಿ ಹೋದಳು ನೋಡಿ.

ಎಂಟು ದಿನಕ್ಕೆ ಬಂದಳು. ಮೂಗು ಕಟ್ಟಿ ನೆಗಡಿಯಾಗಿತ್ತು, ಮದುವೆಯ ನಿದ್ದೆ ಇನ್ನೂ ಕಣ್ಣಲ್ಲಿತ್ತು. ತನ್ನ ಕೈಯಾರೆ ಕೂಡಿಸಿದ ನೀರು ಅಂತ ಡ್ರಮ್ಮನ್ನು ಪರೀಕ್ಷೆ ಮಾಡುವ ಗೋಜಿಗೇ ಹೋಗಲಿಲ್ಲ. ಸಿಮೆಂಟ್ ಸುಲಿದು, ಕಲ್ಲು ಕೂರಿಸಿ, ಹತ್ತು ದಿನದಲ್ಲಿ ಗೋಡೆ ತುಂಬಿಯಾಯಿತು. ನೋಡಲು ಬೆಣ್ಣೆ ಸವರಿದಂತೆ ಇತ್ತು. ಒದ್ದೆ ಗೋಣಿ ಹೊದಿಸಿ, ದಿನಾ ನೀರು ಚಿಮುಕಿಸಿ ಎಂದು ಅವಳು ಊರಿಗೆ ಹೋದಳು.

ಒಂದು ವಾರವಾಯಿತು, ಎರಡು ವಾರವಾಯಿತು. ಗೋಣಿ ಸರಿಸಿ ಹೆಬ್ಬೆರಳು ಒತ್ತಿದರೆ ಅಚ್ಚು ಮೂಡುತ್ತಿತ್ತು. ಪಾತ್ರೆ ಅಂಗಡಿಯವರು ಬೆಳಿಗ್ಗೆ ಬಂದು ಒತ್ತುವರು, ಮಧ್ಯಾಹ್ನ ನಾನು ಒತ್ತುವೆ. ಹೀಗೆ ಒತ್ತಿ ಒತ್ತಿಯೇ ಗೋಡೆ ಸಿಡುಬಿನ ಮುಖದಂತಾಯಿತು. ಅಕ್ಕ ಮಾತ್ರ ಒತ್ತಿ ನೋಡುತ್ತಿರಲಿಲ್ಲ. ಅವಳು ಇದ್ದಕ್ಕಿದ್ದಂತೆ ತನ್ನ ಹಳೇ ಮಾಲನ್ನೆಲ್ಲ ಪೆಟ್ಟಿಗೆಗೆ ತುಂಬಲು ಶುರು ಮಾಡಿದ್ದಳು. ಧೂಳು ಆಗುತ್ತದೆ ಎಂದಳು. ಯುಗಾದಿಗೆ ಮೂರು ವಾರವೂ ಪೂರಾ ಉಳಿದಿರಲಿಲ್ಲ.

ನಾನೇ ಬಸ್ಸು ಹತ್ತಿ ಹೋಗಿ ಗಚ್ಚಿನವ್ವನನ್ನು ಕರೆತಂದೆ. ಅವಳು ಗೋಡೆಗೆ ಉಗುರು ಹಾಕಿ ನೋಡಿದಳು, ಸುಣ್ಣದ ಗುಂಡಿ ನೋಡಿದಳು, ಮರಳು ನೋಡಿದಳು. ಕೊನೆಗೆ ಡ್ರಮ್ಮಿನ ತಳದಲ್ಲಿ ಉಳಿದಿದ್ದ ನೀರಿನ ಹತ್ತಿರ ಹೋದಳು. ಡ್ರಮ್ಮಿನ ಅಂಚಿನಿಂದ ಬೆಲ್ಲದ ಅಂಗಡಿಯ ಹಿಂಬಾಗಿಲತನಕ ಕೆಂಪಿರುವೆಯ ಸಾಲು ಹತ್ತಿತ್ತು. ಬೆರಳು ಅದ್ದಿ ನಾಲಗೆಗೆ ಹಚ್ಚಿಕೊಂಡು, ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಇದೇನ್ರಪಾ, ಗ್ವಾಡಿಗೆ ಪಾನಕ ಕುಡಿಸೀರೇನು?"

ಬೆಲ್ಲ ಹೆಚ್ಚಾದರೆ ಗಚ್ಚು ಗಟ್ಟಿಯಾಗುವುದೇ ಇಲ್ಲ, ಹಸಿ ಹಸಿಯಾಗಿಯೇ ಕೂರುತ್ತದೆ ಎಂದು ಅವಳು ಬೈದು ಹೇಳಿದ ಮೇಲೆ ಬೆಲ್ಲದ ಸಾವುಕಾರರು ಪಂಚೆಯ ತುದಿ ಹಿಡಿದು, ತಾನು ಎರಡು ಅಚ್ಚು ಮೇಲೆ ಹಾಕಿದ್ದೆ ಎಂದು ಒಪ್ಪಿಕೊಂಡರು. ನಮ್ಮ ಅಂಗಡಿಯ ಬೆಲ್ಲ ಹೋಗುವಾಗ ಕೊಸರಿಲ್ಲದೆ ಹೇಗೆ ಕಳಿಸಲಿ ಎಂದರು. ಪಾತ್ರೆ ಅಂಗಡಿಯವರು ನೆಲ ನೋಡುತ್ತ, ಸಾವುಕಾರರ ಕೈ ಬಿಗಿ ಅಂತ ಗೊತ್ತಿದ್ದರಿಂದ ತಾವೊಂದು ಅಚ್ಚು ಹಾಕಿದ್ದಾಗಿ ಹೇಳಿದರು. ಸಾವುಕಾರರು, "ನನ್ ಕೈ ಬಿಗಿ ಅಂತ ಯಾವಾಂವ ಹೇಳ್ಯಾನ ನಿನಗ," ಎಂದು ತಿರುಗಿ ನಿಂತರು. ಬಟ್ಟೆ ಅಂಗಡಿಯವರು, ಗಾಜಿನ ಆಸೆ ಮಾಡಿದ್ದವ ಹಿಂದೆ ಬಿದ್ದ ಅನ್ನಿಸಿಕೊಳ್ಳಬಾರದಲ್ಲ ಅಂತ ಮೂರು ಹಾಕಿದ್ದರು. ನನ್ನ ಸರದಿಯೂ ಬಂತು. ನಾನು ಬೆಲ್ಲವನ್ನೂ ಹಾಕಿದ್ದೆ, ಅಳಲೆಕಾಯಿಯನ್ನೂ ಹಾಕಿದ್ದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು, ಯಾರೂ ನೋಡದ ಹೊತ್ತಿನಲ್ಲಿ. ದೊಡ್ಡ ಪುಣ್ಯದ ಕೆಲಸ ಎಂದುಕೊಂಡು ಕೈ ಒರೆಸಿಕೊಂಡು ಬಂದಿದ್ದೆ.

ಬಳೆ ಅಕ್ಕ ಆತನಕ ಕಂಬಕ್ಕೆ ಆತು ನಿಂತಿದ್ದಳು. ಅವಳ ಬದುಕನ್ನು ನಾವೇ ನಮ್ಮ ಕೈಯಾರೆ ಕೆಡಿಸಿದೆವಲ್ಲ ಎಂದು ನನಗೆ ಅವಳ ಮುಖ ನೋಡಲು ಆಗಲಿಲ್ಲ.

"ಅವರನ್ನ ಬೈಬ್ಯಾಡಬೇ," ಎಂದಳು ಅವಳು ಮುದುಕಿಗೆ. "ನಾನೂ ಹಾಕೀನಿ. ದಿನಾ ಒಂದು ಅಚ್ಚು. ಎಂಟೂ ದಿನ."

ಗಚ್ಚಿನವ್ವ ಹಣೆಗೆ ಕೈ ಹಚ್ಚಿಕೊಂಡು ಅಲ್ಲೇ ಗುಂಡಿಯ ದಂಡೆಗೆ ಕೂತಳು. ಸ್ವಲ್ಪ ಹೊತ್ತು ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಾನು ಗಾಬರಿಯಾಗಿ ನೀರು ತರಲು ಎದ್ದೆ. ಸೆರಗು ಸರಿಸಿದಾಗ ನೋಡಿದರೆ ನಗು. ಹಂಪಿಯಲ್ಲಿ ಇಷ್ಟು ವರ್ಷ ದುಡಿದಿದ್ದೇನೆ, ರಾಜರ ಕಾಲದ ಗೋಡೆಗೂ ಯಾರೂ ಇಷ್ಟು ಉಪಚಾರ ಮಾಡಿರಲಿಕ್ಕಿಲ್ಲ ಎಂದಳು. ಮೊದಲು ಸಾವುಕಾರರು ನಕ್ಕರು, ಆಮೇಲೆ ಅಕ್ಕ. ಎಷ್ಟೋ ದಿನಕ್ಕೆ ಅವಳು ನಕ್ಕದ್ದು.

ನಕ್ಕು ಮುಗಿದ ಮೇಲೆ ಕೆಲಸ ಉಳಿದೇ ಇತ್ತು. ಹಾಕಿದ ಗಚ್ಚನ್ನೆಲ್ಲ ಕೆರೆದು ತೆಗೆಯಬೇಕು, ಹೊಸ ಡ್ರಮ್ಮು ಹುಳಿಯಲು ಒಂದು ವಾರ ಬೇಕು, ಗೋಡೆ ಬಿಗಿಯಲು ದಿನ ಬೇಕು. ಗಚ್ಚಿನವ್ವ ಈ ಸಲ ನಮ್ಮನ್ನು ನಂಬಲಿಲ್ಲ. ಡ್ರಮ್ಮಿಗೆ ಹಲಗೆ ಮುಚ್ಚಿ, ಮೇಲೆ ಬೀಸುವ ಕಲ್ಲು ಹೇರಿ, ಸುತ್ತ ರಂಗೋಲಿ ಹಿಟ್ಟಿನ ಗೆರೆ ಎಳೆದು, ಇದನ್ನು ದಾಟಿದವರ ಹೆಜ್ಜೆ ನನಗೆ ಗೊತ್ತಾಗುತ್ತದೆ ಎಂದಳು. ಅಕ್ಕನ ಮನೆಯಲ್ಲೇ ಉಳಿದುಕೊಂಡಳು. ನಾವು ನಾಲ್ವರು ಮಧ್ಯಾಹ್ನ ಅಂಗಡಿ ಅರ್ಧ ಮುಚ್ಚಿ ಕಲ್ಲಿನ ಸಂದಿಯಿಂದ ಹಸಿ ಗಚ್ಚು ಕೆರೆದೆವು. ಬಟ್ಟೆ ಅಂಗಡಿಯವರು ಇಸ್ತ್ರಿ ಅಂಗಿಯ ತೋಳು ಮಡಚಿ, ಕರಣೆ ಹಿಡಿದು, ಗಿರಾಕಿ ಬಂದರೆ ಅಲ್ಲಿಂದಲೇ ಸೀರೆಯ ದರ ಕೂಗುತ್ತಿದ್ದರು. ಎರಡನೇ ಸಲ ಗಚ್ಚು ಕುಟ್ಟುವಾಗ ಅವ್ವ ಒಂದು ಲಯ ಹಿಡಿದು ಕುಟ್ಟಿಸಿದಳು. ಸರಿಯಾದ ಗಚ್ಚು ಕರಣೆಗೆ ಅಂಟಿದರೂ ಕೆಳಗೆ ಜಾರಬಾರದು ಎಂದು ನನಗೆ ಆಗ ತಿಳಿಯಿತು. ನನ್ನಪ್ಪನ ಸಿಮೆಂಟಿನ ಸಂಗತಿಯನ್ನೂ ಆಗಲೇ ಅವಳಿಗೆ ಹೇಳಿಬಿಟ್ಟೆ. ಗೊತ್ತಿತ್ತು ಬಿಡು, ಆ ದಿನವೇ ನಿನ್ನ ಮುಖ ಹೇಳಿತು, ಎಂದಳು.

ಗಚ್ಚು ತುಂಬತೊಡಗಿದ ಎಂಟನೇ ದಿನಕ್ಕೆ ನಾನು ಹೆಬ್ಬೆರಳು ಒತ್ತಿದೆ. ಮೂಡಲಿಲ್ಲ. ಸಾವುಕಾರರನ್ನು ಕರೆದೆ. ಅವರು ತಮ್ಮ ದಪ್ಪ ಬೆರಳಿನಿಂದ ಒತ್ತಿದರು, ಮೂಡಲಿಲ್ಲ. ಇಬ್ಬರೂ ಅಕ್ಕನ ಕಡೆ ತಿರುಗಿದೆವು. ಈ ಸಲ ಅವಳು ಎದ್ದು ಬಂದಳು. ಬೆರಳು ಒತ್ತಲಿಲ್ಲ, ಪೂರಾ ಅಂಗೈಯನ್ನು ಗೋಡೆಗೆ ಇಟ್ಟು ನಿಂತಳು. ಬಳೆ ಇಡಿಸಲು ಬಂದ ಹುಡುಗಿಯ ಕೈಯನ್ನು ಹೇಗೆ ಹಿಡಿಯುತ್ತಾಳೋ ಹಾಗೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಎಂಜಿನಿಯರ್ ಬಂದಳು. ಸುತ್ತಿಗೆಯಿಂದ ಬಡಿದಳು, ದಾರಕ್ಕೆ ತೂಕದ ಗುಂಡು ಕಟ್ಟಿ ಮೇಲಿಂದ ಇಳಿಬಿಟ್ಟು ನೋಡಿದಳು. ಐದನೇ ಕಮಾನಿನ ಹತ್ತಿರ ಎರಡೆರಡು ಸಲ ಬಡಿದಳು. ಅದೂ ಟಣ್ ಎಂದಿತು. ಆಮೇಲೆ ಮಡಚಿದ್ದ ನಕ್ಷೆಯನ್ನು ನನ್ನ ಅಂಗಡಿಯ ಹಲಗೆಯ ಮೇಲೆ ಬಿಡಿಸಿ, ಒಂದೊಂದು ಕಮಾನಿನ ಕೆಳಗೂ ಯಾರ ಅಂಗಡಿ ಎಂದು ಕೇಳಿ ಬರೆಯತೊಡಗಿದಳು. ಗ್ರಂಥಿಗೆ, ಬೆಲ್ಲ, ಪಾತ್ರೆ, ಬಟ್ಟೆ.

"ಇದು ಯಾರದು?" ಎಂದು ಕೊನೆಯದಕ್ಕೆ ಪೆನ್ನು ಇಟ್ಟಳು.

ಕಾಗದದ ಪ್ರಕಾರ ಯಾರದೂ ಅಲ್ಲ. ಅಕ್ಕ ಬಾಯಿ ತೆರೆಯುವ ಮೊದಲೇ ಬಟ್ಟೆ ಅಂಗಡಿಯವರು ಹೇಳಿದರು: "ಬಳಿ ಅಂಗಡಿ ರಿ. ಬರ್ಕೊರಿ."

ಆ ಹುಡುಗಿ ಒಮ್ಮೆ ನಮ್ಮ ಮುಖ ನೋಡಿದಳು. ಹಾಗಿದ್ದರೆ ನಾಲ್ಕೂ ಜನ ಕೆಳಗೆ ಸಹಿ ಮಾಡಿ, ಇಲ್ಲಿ ಮಹಡಿಗೆ ಮೆಟ್ಟಿಲು ಗಿಟ್ಟಿಲು ಆಮೇಲೆ ಕೇಳಬೇಡಿ, ಎಂದಳು. ಸಹಿ ಮಾಡಿದೆವು. ಅದೇನು ಹಕ್ಕುಪತ್ರವಲ್ಲ ಎಂದು ನನಗೆ ಗೊತ್ತು. ಆದರೆ ಹಾಸುಗಲ್ಲು ಹಾಕುವವರು ಬಂದಾಗ ಆ ನಕ್ಷೆ ನೋಡಿಯೇ ಉಳಿದ ಅಂಗಡಿಗಳಂತೆ ಐದನೇ ಕಮಾನಿಗೂ ರಸ್ತೆಗೆ ಮೂರು ಮೆಟ್ಟಿಲು ಇಳಿಸಿದರು.

ಶ್ರಾವಣದಲ್ಲಿ ಎಮ್ಮಿಗನೂರಿನಿಂದ ಒಂದು ಟೆಂಪೊ ತುಂಬ ಹೆಣ್ಣುಮಕ್ಕಳು ಬಂದರು. ಮನೆಯಲ್ಲಿ ಸೀಮಂತದ ಕುಬಸ ಇತ್ತು, ಬಸುರಿಗೆ ಹಸಿರು ಬಳೆ ಇಡಿಸಬೇಕು, ಜೊತೆಗೆ ಬಂದವರಿಗೆಲ್ಲ ಒಂದೊಂದು ಕೈ. ಅಕ್ಕನ ಕಮಾನಿನಿಂದ ನನ್ನ ಬಾಗಿಲತನಕ ಕಟ್ಟೆಯುದ್ದಕ್ಕೂ ಸಾಲಾಗಿ ಕೂತರು. ಬಸುರಿ ಗೋಡೆಗೆ ಬೆನ್ನು ಆನಿಸಿ ಕಾಲು ಚಾಚಿದಳು. ಅಕ್ಕ ಅವಳ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಮೊದಲನೇ ಬಳೆ ಏರಿಸಿದಳು.