ತಗ್ಗಿದ ಹೆಗಲು

ಪಲ್ಲವಿ, ಬಸು, ನಿನ್ನೆ ನೀವು ಫೋನಿನಲ್ಲಿ ನನ್ನ ಮುಖಕ್ಕೆ ಮೊಲದ ಕಿವಿ ಅಂಟಿಸಿ ನಕ್ಕಾಗ ನಾನೂ ನಕ್ಕೆ. ಆದರೆ ಪಲ್ಲವಿ ಗೋಡೆಯ ಮೇಲಿನ ಫೋಟೋ ತೋರಿಸಿ, "ಆಯಿ, ಅಜ್ಜನ ಒಂದ ಹೆಗಲ ಇಳದೈತಿ ನೋಡ. ಎರಡ ನಿಮಿಷದಾಗ ನೆಟ್ಟಗ ಮಾಡತೇನಿ" ಎಂದಾಗ ನನ್ನ ನಗು ನಿಂತಿತು. "ಬ್ಯಾಡವಾ" ಎಂದೆ. ಯಾಕೆಂದು ಕೇಳಿದಿರಿ. ಬಾಯಿಂದ ಹೇಳಲಾಗಲಿಲ್ಲ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದು ಇದಕ್ಕಾದರೂ ಒದಗಲಿ ಎಂದು ಬರೆಯುತ್ತಿದ್ದೇನೆ.

ಆ ಫೋಟೋದಲ್ಲಿ ಅಜ್ಜನ ಹಿಂದೆ ಜಲಪಾತವಿದೆ, ಎರಡು ಬಿಳಿ ಪಾರಿವಾಳಗಳಿವೆ, ತಲೆಯ ಸುತ್ತ ಬೆಳಕಿದೆ. ದೇವರಿಗೆ ಹಿತ್ತಾಳೆಯ ಪ್ರಭಾವಳಿ ಮಾಡಿಸಲು ಊರೆಲ್ಲ ಸೇರಿ ವರ್ಷಗಟ್ಟಲೆ ಮಾತಾಡುತ್ತದೆ; ಯರಗಟ್ಟಿಯ ಫೋಟೋ ಅಂಗಡಿಯವನು ನಿಮ್ಮ ಅಜ್ಜನಿಗೆ ಒಂದು ಚಹಾ ಮುಗಿಯುವುದರೊಳಗೆ ಕಂಪ್ಯೂಟರಿನಲ್ಲಿ ಮಾಡಿಕೊಟ್ಟ. ಮನೋಳಿಯಲ್ಲಿ ಹೊಳೆ ದಾಟುವಾಗಲೂ ಬಸ್ಸಿನ ಕಂಬಿ ಬಿಗಿಯಾಗಿ ಹಿಡಿಯುತ್ತಿದ್ದ ಮನುಷ್ಯ, ಅಲ್ಲಿ ಅಷ್ಟು ದೊಡ್ಡ ಜಲಪಾತಕ್ಕೆ ಬೆನ್ನು ಮಾಡಿ ನಿರಾಳವಾಗಿದ್ದಾರೆ.

ಅವರು ತೀರಿಕೊಂಡಾಗ ಮನೆಯಲ್ಲಿ ಒಳ್ಳೆಯ ಫೋಟೋ ಅಂತ ಇದ್ದದ್ದು ಒಂದೇ. ಬೈಲಹೊಂಗಲದಲ್ಲಿ ನನ್ನ ನಾದಿನಿಯ ಮಗಳ ಮದುವೆಯಲ್ಲಿ ಎಲ್ಲರೂ ಒತ್ತೊತ್ತಾಗಿ ನಿಂತು ತೆಗೆಸಿಕೊಂಡದ್ದು. ಯಾರೋ ಹಿಂದಿನಿಂದ ನೂಕಿದರು. ಬೀಳಬಾರದೆಂದು ಮುಂದೆ ನಿಂತಿದ್ದ ನಿಮ್ಮ ಅಜ್ಜನ ಹೆಗಲು ಹಿಡಿದೆ. ತಕ್ಷಣ ಕೈ ತೆಗೆಯಹೋದರೆ ಅವರು ತಿರುಗದೆಯೇ, "ಇರ್ಲಿ, ಹಿಡಕೋ" ಎಂದು ಹೆಗಲನ್ನು ತುಸು ತಗ್ಗಿಸಿಕೊಟ್ಟರು. ನಾನು ಕುಳ್ಳಿ ಅಲ್ಲವೇ? ಮದುವೆಮನೆಯಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಹೆಂಗಸರು ಕಾಡಿದರೆ ಅಡುಗೆಮನೆಗೆ ಓಡಿಹೋಗುತ್ತಿದ್ದವಳು ನಾನು. ನಾಲ್ಕು ಜನರೆದುರು ಅವರನ್ನು ಮುಟ್ಟಿದ್ದು ಅದೊಂದೇ ಸಲ.

ಅಂಗಡಿಯವನು ಅವರೊಬ್ಬರನ್ನೇ ಗುಂಪಿನಿಂದ ಬಿಡಿಸಿ ತೆಗೆದು ಕೇಳಿದ: "ಅಮ್ಮಾರ, ಹೆಗಲ ಮ್ಯಾಲ ಒಂದ ಕೈ ಉಳದೈತಲ್ರಿ. ಯಾರದ್ರಿ ಇದು?"

ಪಕ್ಕದಲ್ಲಿ ನಿಮ್ಮಪ್ಪ. ಬಾಗಿಲಲ್ಲಿ ಫೋಟೋ ತೆಗೆಸಲು ಬಂದಿದ್ದ ಇಬ್ಬರು ಇಣುಕುತ್ತಿದ್ದರು. ನನ್ನದು ಎನ್ನಲು ನಾಚಿಕೆ.

"ಯಾರದೋ ಇರಬೇಕ್ರಿ. ತಗದಬಿಡ್ರಿ" ಎಂದೆ.

ಅವನು ಅಂಗಿಯ ಬಿಳಿ ಬಣ್ಣವನ್ನೇ ತುಸುತುಸು ತಂದು ಕೈಯ ಮೇಲೆ ಬಳಿದ. ಮೊದಲು ಬೆರಳುಗಳು ಹೋದವು. ಆಮೇಲೆ ಹಸಿರು ಬಳೆಗಳು, ಒಂದೊಂದಾಗಿ. ಕೆಲವೇ ದಿನಗಳ ಹಿಂದೆ ಬೇರೆಯವರು ನನ್ನ ಕೈಯಿಂದ ಬಳೆ ತೆಗೆದಿದ್ದರು. ಈ ಸಲ ತೆಗೆಸಿದವಳು ನಾನೇ. "ಗುರುತ ಸೈತ ಉಳದಿಲ್ಲ ನೋಡ್ರಿ" ಎಂದ, ಹೆಮ್ಮೆಯಿಂದ. ಕೆಲಸವೇನೋ ಚೊಕ್ಕವಾಗಿತ್ತು.

ಮೂಲ ಫೋಟೋ ಅಲ್ಲೇ ಉಳಿಯಿತು. ಹೋಗಿ ಕೇಳಲು ನಾಚಿ ನಾಚಿ ವರ್ಷಗಳನ್ನೇ ಕಳೆದೆ. ಕೊನೆಗೆ ಧೈರ್ಯ ಮಾಡಿ ಹೋದರೆ ಅಲ್ಲಿ ಚಪ್ಪಲಿ ಅಂಗಡಿ!

ಆದರೆ ಮಕ್ಕಳೇ, ಕೈ ಅಳಿಸಿದವನಿಗೆ ಹೆಗಲು ಎತ್ತುವುದು ಹೊಳೆಯಲಿಲ್ಲ. ಅವರು ಇನ್ನೂ ನನಗಾಗಿ ತಗ್ಗಿಸಿಕೊಂಡೇ ಇದ್ದಾರೆ. ಬೇಕಾದರೆ ಪಾರಿವಾಳಗಳನ್ನು ಹಾರಿಸಿಬಿಡಿ, ಜಲಪಾತ ಬತ್ತಿಸಿ. ಹೆಗಲನ್ನು ಮಾತ್ರ ಮುಟ್ಟಬೇಡಿ. ಈ ಹಾಳೆಗಳನ್ನು ಆ ಫೋಟೋದ ಹಿಂದಿನ ರಟ್ಟಿನೊಳಗೆ ಜೋಪಾನವಾಗಿಡಿ. ಹೆಗಲು ಯಾಕೆ ಇಳಿದಿದೆ ಎಂದು ಯಾರಾದರೂ ಕೇಳಿದರೆ, ನನ್ನ ಹಾಗೆ ನಾಚಬೇಡಿ. ಅಲ್ಲಿ ನಮ್ಮ ಆಯಿಯ ಕೈ ಇತ್ತು ಎಂದು ಹೇಳಿಬಿಡಿ.